ಹಳೇ ಪಿಕಪ್‌ಗೆ ಯಾವ ಡೈನಮೋ ಹಾಕಿಸ್ಲಿ, 65 ಆಂಪಿಯರ್ರಾ 90ಆ? ಮೂರನೇದೂ ಹೋಯ್ತು

ತೀರ್ಥಳ್ಳಿ_ಪಿಕಪ್
ಸಾಕಾಗಿ ಹೋಗಿದೆ. ಎಂಟು ತಿಂಗಳಲ್ಲಿ ಇದು ಮೂರನೇ ಡೈನಮೋ. ಗಾಡಿ ಜತೆ ಬಂದಿದ್ದು ಹೋಗಿದ್ದಕ್ಕೆ ಬೇಜಾರಿಲ್ಲ, ಅದಕ್ಕೆ ವಯಸ್ಸಾಗಿತ್ತು. ಆಮೇಲೆ ರಿಪೇರಿ ಮಾಡಿಟ್ಟಿದ್ದು ಒಂದು ಹಾಕಿಸಿದೆ, ಮೂರು ತಿಂಗಳು ಬಂತು. ರಗಳೆನೇ ಬೇಡ ಅಂತ ಹೊಸದೇ ತಂದೆ. ಅದು ಎರಡೂವರೆ ತಿಂಗಳು. ಬೆಳಿಗ್ಗೆ ಐದಕ್ಕೆ ಅಡಿಕೆ ಮೂಟೆ ತುಂಬಿ ಶಿವಮೊಗ್ಗಕ್ಕೆ ಹೊರಡೋಣ ಅಂದ್ರೆ ಸೆಲ್ಫ್ "ಟಕ್" ಅಂದು ಸುಮ್ಮನಾಗುತ್ತೆ. ಮನೆ ಮುಂದೆ ಇಳಿಜಾರು ಇದೆ, ಹಾಗಾಗಿ ಬದುಕಿದೀನಿ. ನಮ್ಮ ಎಲೆಕ್ಟ್ರಿಷಿಯನ್ "ಈ ಸಲ 90 ಆಂಪಿಯರ್‌ದು ಹಾಕ್ಸಿ, ತಲೆನೋವೇ ಇರಲ್ಲ" ಅಂತಾರೆ. 65 ಸಾಕಾ, 90 ಬೇಕಾ? ಅಷ್ಟು ಹೇಳಿದ್ರೆ ಸಾಕು. ಬ್ಯಾಟರಿ ಹೊಸದು.

ಕುಡ್ಲ_ಗ್ಯಾರೇಜ್
ಗಾಡಿ ಯಾವುದು ಅಂತ ಹೇಳ್ಲೇ ಇಲ್ಲ ಅಲ್ವಾ ಮಾರಾಯ್ರೆ? ಪಿಕಪ್ ಅಂದ್ರೆ ಊರಲ್ಲಿ ಹತ್ತು ನಮೂನೆ ಉಂಟು.

ತೀರ್ಥಳ್ಳಿ_ಪಿಕಪ್
ಬೊಲೆರೋ ಪಿಕಪ್, ಇನ್ಯಾವುದು! 2008, 2523 ಸಿಸಿ ಡಿಐ. ನಮ್ಮ ಕಡೆ ಎಲ್ಲರ ಹತ್ರ ಇರೋದೇ ಅದು.

ಹುಬ್ಳಿ_ಡೀಸೆಲ್
ಆಂಪಿಯರ್ ಬಿಡ್ರಿ, ಮೊದ್ಲ ಬೆಲ್ಟ್ ನೋಡ್ರಿ. ಹತ್ತು ಗಾಡಿ ಬಂದ್ರ ಎಂಟು ಗಾಡಿದು ಇದ ತಕರಾರು. ಎರಡು ಪುಲ್ಲಿ ನಡುವ ಹೆಬ್ಬೆರಳಲೆ ಒತ್ರಿ, ಒಂದ್ 10 ಮಿಲಿಮೀಟರ್ ಬಗ್ಗಬೇಕು. ಅದಕ್ಕೂ ಹೆಚ್ಚು ಬಗ್ಗಿತಂದ್ರ ಸಡಲ ಐತಿ. ಸಡಲ ಬೆಲ್ಟ್ ಜಾರ್ತೈತಿ, ಡೈನಮೋ ತಿರಗಂಗಿಲ್ಲ, ಚಾರ್ಜ್ ಆಗಂಗಿಲ್ಲ. ಮುಗೀತು.

ತೀರ್ಥಳ್ಳಿ_ಪಿಕಪ್
ಬೆಲ್ಟ್ ಬಿಗಿ ಇದೆ ಸಾರ್, ಹೋದ ತಿಂಗಳು ಬದಲಾಯಿಸಿದ್ದು.

ಹುಬ್ಳಿ_ಡೀಸೆಲ್
ಹೊಸಾ ಬೆಲ್ಟ್ ನಾಕ್ ದಿನಕ್ಕ ಸಡಲ ಆಗ್ತೈತಿ. ಮತ್ತೊಮ್ಮೆ ಬಿಗಿ ಮಾಡ್ರಿ.

ಜೆಸಿರೋಡ್_ಸ್ಪೇರ್ಸ್
ಬಾಸ್, ಐದು ನಿಮಿಷದ ಕೆಲಸ. ಗಾಡಿ ಸ್ಟಾರ್ಟ್ ಮಾಡಿ, ಓಡ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿ. ಇಂಜಿನ್ನು, ಲೈಟು ಎರಡೂ ನಡೀತಾ ಇದ್ರೆ ಡೈನಮೋ ಓಕೆ.

ವೈರಿಂಗ್_ಅಕ್ಕ
ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ! ಚಾರ್ಜ್ ಮಾಡ್ತಿರೋ ಆಲ್ಟರ್ನೇಟರ್‌ನಿಂದ (ನೀವೆಲ್ಲ ಡೈನಮೋ ಅನ್ನೋದು) ಬ್ಯಾಟರಿ ಬಿಚ್ಚಿದ್ರೆ ವೋಲ್ಟೇಜ್ ಒಂದೇ ಸಲಕ್ಕೆ ಎಗರುತ್ತೆ. ಡಯೋಡು, ಕಟೌಟು (ವೋಲ್ಟೇಜ್ ಹತೋಟಿಯಲ್ಲಿಡೋ ರೆಗ್ಯುಲೇಟರ್), ಜತೆಗೆ ನಿಮ್ಮ ಟೇಪು, ಎಲ್ಲಾ ಸುಟ್ಟು ಹೋಗಬಹುದು. ಅಲ್ದೆ ಇದು ಡೀಸೆಲ್ ಗಾಡಿ. ಆ ಹಳೇ ಡಿಐ ಇಂಜಿನ್ ಒಮ್ಮೆ ಸ್ಟಾರ್ಟ್ ಆದ್ಮೇಲೆ ಕರೆಂಟಿನ ಹಂಗಿಲ್ದೆ ಓಡುತ್ತೆ, ಅದು ಓಡಿದ್ರಿಂದ ಏನು ಗೊತ್ತಾಯ್ತು ನಿಮಗೆ? ಮಲ್ಟಿಮೀಟರ್ ತಗೊಳ್ಳಿ, ಮುನ್ನೂರು ರೂಪಾಯಿದಾದ್ರೂ ಸಾಕು.

ಜೆಸಿರೋಡ್_ಸ್ಪೇರ್ಸ್
ಇಪ್ಪತ್ತು ವರ್ಷದಿಂದ ಹೀಗೇ ಚೆಕ್ ಮಾಡ್ತಿದೀನಿ ಮೇಡಂ, ಒಂದೂ ಸುಟ್ಟಿಲ್ಲ.

ವೈರಿಂಗ್_ಅಕ್ಕ
ಸುಟ್ಟಿದ್ದನ್ನ ಗಿರಾಕಿಗೆ "ನಿಮ್ದು ಮೊದಲೇ ಹೋಗಿತ್ತು" ಅಂತ ಹೇಳಿ ಕಳಿಸಿರ್ತೀರಿ.

ಕುಡ್ಲ_ಗ್ಯಾರೇಜ್
ಜಗಳ ಆಮೇಲೆ ಮಾಡಿ. ಅದಕ್ಕಿಂತ ಮೊದಲು ಎಲ್ಲರೂ ಡೈನಮೋ ಅಂತ ಹೇಳೋದು ನಿಲ್ಲಿಸಿ. ಡೈನಮೋದಲ್ಲಿ ಕಮ್ಯುಟೇಟರ್ ಇರ್ತದೆ, ನೇರ ಡಿಸಿ ಬರ್ತದೆ. ಇದರಲ್ಲಿ ಬರೋದು ಎಸಿ, ಡಯೋಡ್ ಅದನ್ನು ಡಿಸಿ ಮಾಡ್ತದೆ. ಇದು ಆಲ್ಟರ್ನೇಟರ್.

ಹುಬ್ಳಿ_ಡೀಸೆಲ್
ಹೆಸರು ಯಾವ್ದಿದ್ರೇನ್ರೀ, ತಿರಗಸೋದು ಬೆಲ್ಟ. ನಮ್ಮಪ್ಪನ ಜೀಪಿನ್ಯಾಗ ಖರೇ ಡೈನಮೋ ಇತ್ತು, ಕಟೌಟ್ ಡಬ್ಬಿ ಬ್ಯಾರೆ ಇರ್ತಿತ್ತು, ಕಾಂಟ್ಯಾಕ್ಟಿಗೆ ಉಪ್ಪುಕಾಗದ ತಿಕ್ಕಿದ್ರ ಮತ್ತ ನಡೀತಿತ್ತು. ಆ ಮಜಾ ಈಗ ಇಲ್ಲ.

ಹೂಸ್ಟನ್_ಗೌಡ
ನಿಮ್ಮ ಮಾತು ಕೇಳಿ ನನ್ನ 1984ರ ಷೆವರ್ಲೆ ಪಿಕಪ್ ನೆನಪಾಯ್ತು (ಮಗ ಕಾಲೇಜಿಗೆ ಹೋದ್ಮೇಲೆ ಅದೇ ನನ್ನ ಮಗ). ಅದ್ರಲ್ಲಿ ಜಿಎಂನವರ 12ಎಸ್‌ಐ ಆಲ್ಟರ್ನೇಟರ್ ಇತ್ತು, ತೆಗೆದು ಸಿಎಸ್130 ಹಾಕಿದೀನಿ. 105 ಆಂಪಿಯರ್. ಬ್ರಾಕೆಟ್ ನಾನೇ ಕೊರೆದು ಮಾಡಿದ್ದು, ಬ್ಯಾಟರಿ ಕೇಬಲ್ಲೂ ದಪ್ಪದ್ದು. ದೊಡ್ಡದು ಹಾಕೋದ್ರಲ್ಲಿ ತಪ್ಪೇನಿಲ್ಲ, ಲೋಡ್ ಎಷ್ಟು ಬೇಕೋ ಅಷ್ಟನ್ನೇ ಅದು ಕೊಡೋದು. 90 ಹಾಕ್ಸಿ. ಫೋಟೋ ಬೇಕಂದ್ರೆ ಕಳಿಸ್ತೀನಿ.

ಕುಡ್ಲ_ಗ್ಯಾರೇಜ್
ಗೌಡ್ರೇ, ನಿಮ್ದು ಪೆಟ್ರೋಲ್ ವಿ8, ಅವರದ್ದು ಅಡಿಕೆ ಗಾಡಿ.

ಹೂಸ್ಟನ್_ಗೌಡ
ಓಮ್ಸ್ ನಿಯಮ ಎರಡು ದೇಶದಲ್ಲೂ ಒಂದೇ.

ತೀರ್ಥಳ್ಳಿ_ಪಿಕಪ್
ಮಲ್ಟಿಮೀಟರ್ ತಂದೆ ಅಕ್ಕ. ರಾತ್ರಿಯೆಲ್ಲ ಚಾರ್ಜರ್‌ಗೆ ಹಾಕಿ ಬೆಳಿಗ್ಗೆ ನೋಡಿದ್ರೆ ಬ್ಯಾಟರಿ 12.6 ವೋಲ್ಟ್. ಸ್ಟಾರ್ಟ್ ಆಗಿ ಐಡ್ಲಿಂಗ್‌ನಲ್ಲಿ 12.9. ಆಕ್ಸಿಲರೇಟರ್ ಕೊಟ್ರೆ 13.2. ಲೈಟ್ ಎಲ್ಲ ಹಾಕಿದ್ರೆ 12.1ಕ್ಕೆ ಇಳಿಯುತ್ತೆ.

ವೈರಿಂಗ್_ಅಕ್ಕ
ಲೈಟ್ ಎಲ್ಲ ಅಂದ್ರೆ ಯಾವ್ಯಾವುದು?

ತೀರ್ಥಳ್ಳಿ_ಪಿಕಪ್
ಹೆಡ್‌ಲೈಟು, ಮತ್ತೆ ಮುಂದೆ ನಾಲ್ಕು ಫಾಗ್ ಲ್ಯಾಂಪ್ ಹಾಕಿಸಿದೀನಿ, 55 ವ್ಯಾಟಿಂದು. ಆಗುಂಬೆ ಕಡೆ ಮಳೆಗಾಲದಲ್ಲಿ ಅದಿಲ್ದೆ ಆಗಲ್ಲ. ಸೀಟಿನ ಕೆಳಗೆ ಒಂದು ಆಂಪ್ಲಿಫೈಯರ್. ಎಲ್ಲರದ್ದರಲ್ಲೂ ಇರುತ್ತಲ್ಲ ಅಂತ ಹೇಳಿರ್ಲಿಲ್ಲ.

ವೈರಿಂಗ್_ಅಕ್ಕ
ಇದನ್ನ ಮೊದಲನೇ ದಿನ ಹೇಳೋದಲ್ವಾ? ಸರಿ, ಲೆಕ್ಕ ಹಾಕಿ. ಹೆಡ್‌ಲೈಟ್ ಡಿಮ್ಮಲ್ಲಿ 110 ವ್ಯಾಟ್, ಫಾಗ್ 220, ವೈಪರ್ರು ಬ್ಲೋಯರ್ರು ಒಂದು 100, ಆಂಪ್ಲಿಫೈಯರ್‌ಗೆ ಇನ್ನೊಂದು 100 ಇಟ್ಕೊಳ್ಳಿ. 530 ವ್ಯಾಟ್. 13.5ರಿಂದ ಭಾಗಿಸಿದ್ರೆ 39 ಆಂಪಿಯರ್. ರಸ್ತೆ ಮೇಲೆ ಓಡುವಾಗ 65 ಧಾರಾಳ ಸಾಕು. ನಿಂತಲ್ಲಿ ಐಡ್ಲಿಂಗ್‌ನಲ್ಲಿ ಮಾತ್ರ ಯಾವ ಆಲ್ಟರ್ನೇಟರ್ರೂ ಪೂರ್ತಿ ಕೊಡಲ್ಲ, ಆಗ ಫಾಗ್ ಆರಿಸಿ. 90 ಹಾಕಿದ್ರೆ ಅದರ ಮುಖ್ಯ ವೈರೂ ದಪ್ಪ ಆಗ್ಬೇಕು. ಒಂಟಿ ವಿ-ಬೆಲ್ಟ್‌ಗೂ ಹೊರೆ ಜಾಸ್ತಿ.

ಆದ್ರೆ ಲೈಟ್ ಆರಿಸಿದಾಗಲೂ 13.2 ದಾಟ್ತಿಲ್ಲ, ಅದು ಲೋಡಿನ ತಪ್ಪಲ್ಲ. 14ರ ಆಸುಪಾಸು ಬರ್ಲೇಬೇಕು. ಇನ್ನು ಮೂರು ಅಳತೆ ಕೊಡಿ. ಇಂಜಿನ್ ಓಡ್ತಾ ಲೈಟ್ ಹಾಕಿ, ಆಲ್ಟರ್ನೇಟರ್ ದಪ್ಪ ಬೋಲ್ಟಿಂದ ಬ್ಯಾಟರಿ ಪ್ಲಸ್‌ಗೆ ಎಷ್ಟು? ಇಂಜಿನ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಎಷ್ಟು? ಆಮೇಲೆ ಮೀಟರ್ ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಎಷ್ಟು?

ತೀರ್ಥಳ್ಳಿ_ಪಿಕಪ್
0.2, 0.1. ಎಸಿಯಲ್ಲಿ 0.05.

ವೈರಿಂಗ್_ಅಕ್ಕ
ಹಾಗಾದ್ರೆ ವೈರು, ಅರ್ತು, ಡಯೋಡು ಮೂರೂ ಸರಿ ಇವೆ. ಕಟೌಟ್ ಹೋಗಿದೆ, ಅದೊಂದನ್ನೇ ಬದಲಾಯಿಸಿ.

ಹುಬ್ಳಿ_ಡೀಸೆಲ್
ಅಥವಾ ಬೆಲ್ಟ್ ಜಾರಾಕತ್ತೈತಿ. ಆಕ್ಸಿಲರೇಟರ್ ಕೊಟ್ಟಾಗ ಏರ್ತೈತಿ ಅಂದ್ರ ಮತ್ತೇನ್ರೀ ಅದು?

ಜೆಸಿರೋಡ್_ಸ್ಪೇರ್ಸ್
ಮೂರು ಡೈನಮೋದ್ದೂ ಕಟೌಟೇ ಹೋಗುತ್ತಾ ಮೇಡಂ? ಸಾಲಾಗಿ?

ತೀರ್ಥಳ್ಳಿ_ಪಿಕಪ್
ಕಟೌಟ್ ಹಾಕಿಸಿದೆ. ಎರಡು ದಿನ 13.8 ಬಂತು, ಈಗ ಮತ್ತೆ 13.1. ಹುಚ್ಚು ಹಿಡಿಯೋದೊಂದು ಬಾಕಿ. ನಾಳೆ ಉಡುಪಿಗೆ ಲೋಡ್ ಇದೆ, ಬಂದ್ಮೇಲೆ 90ದೇ ತಗೋತೀನಿ. ಅಂದಹಾಗೆ, ಇದಕ್ಕೆ ಸಂಬಂಧ ಇಲ್ಲ, ಬ್ರೇಕು ಒಂದೆರಡು ತಿಂಗಳಿಂದ ಗಟ್ಟಿ ಆಗಿದೆ, ಎರಡೂ ಕಾಲಲ್ಲಿ ನಿಂತ ಹಾಗೆ ಒತ್ತಬೇಕು. ಬ್ರೇಕ್ ಶೂ ಬದಲಾಯಿಸಿದೆ, ಹಾಗೇ ಇದೆ. ಅದಕ್ಕೆ ಬೇರೆ ಎಲ್ಲಾದ್ರೂ ಕೇಳ್ತೀನಿ.

ಹಳೇ_ಸ್ಪ್ಯಾನರ್
ನಾಳೆ ಉಡುಪಿಗೆ ಹೋಗ್ಬೇಡಿ ತಮ್ಮಾ. ಲೋಡ್ ಹಾಕ್ಕೊಂಡು ಆ ಬ್ರೇಕಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯೋದು ಬೇಡ. ಸಂಬಂಧ ಇಲ್ಲ ಅಂದ್ರಲ್ಲ, ಇರೋದೆಲ್ಲ ಅಲ್ಲೇ. ನಿಮ್ಮ ಡೈನಮೋ ಹಿಂಭಾಗದಲ್ಲಿ ಒಂದು ಗುಂಡು ಪಂಪ್ ಇದೆಯಾ, ಅದಕ್ಕೆ ಮೂರು ಪೈಪ್? ಮತ್ತೆ ಇಂಜಿನ್ ಆಯಿಲ್ ಎಷ್ಟು ದಿನಕ್ಕೆ ಮೇಲಿಂದ ಹಾಕ್ತೀರಿ?

ತೀರ್ಥಳ್ಳಿ_ಪಿಕಪ್
ಇದೆ ಯಜಮಾನ್ರೇ. ಆಯಿಲ್ ಹದಿನೈದು ದಿನಕ್ಕೆ ಅರ್ಧ ಲೀಟರ್ ಹಾಕ್ತೀನಿ. ಡೈನಮೋ ಕೆಳಗೆ ಸ್ವಲ್ಪ ಜಿನುಗುತ್ತೆ. ಹಳೇ ಗಾಡಿ ಅಂದ್ಮೇಲೆ ಅಷ್ಟೂ ಇರಲ್ವಾ?

ಹಳೇ_ಸ್ಪ್ಯಾನರ್
ಅದು ವ್ಯಾಕ್ಯೂಮ್ ಪಂಪು, ಕೆಲವರು ಎಕ್ಸಾಸ್ಟರ್ ಅಂತಾರೆ. ಪೆಟ್ರೋಲ್ ಗಾಡಿಗೆ ಇಂಜಿನ್ ಗಾಳಿ ಎಳ್ಕೊಳ್ಳೋ ಮ್ಯಾನಿಫೋಲ್ಡಲ್ಲೇ ಎಳೆತ ಸಿಗುತ್ತೆ, ಡೀಸೆಲ್‌ಗೆ ಸಿಗಲ್ಲ. ಅದಕ್ಕೇ ಡೈನಮೋ ಶಾಫ್ಟಿನ ಬಾಲಕ್ಕೆ ಈ ಪಂಪ್ ಕೂರಿಸಿ, ಪೆಡಲ್ ಒತ್ತೋಕೆ ಬಲ ಸೇರಿಸೋ ಬ್ರೇಕ್ ಬೂಸ್ಟರ್‌ಗೆ ಎಳೆತ ಕೊಡ್ತಾರೆ. ಒಂದು ಪೈಪ್ ಬೂಸ್ಟರ್‌ಗೆ. ಒಂದು ಸಣ್ಣದು, ಇಂಜಿನ್ನಿಂದ ಆಯಿಲ್ ಬರೋದು. ಮೂರನೇದು ದಪ್ಪದ್ದು, ಆ ಆಯಿಲ್ಲು ಗಾಳಿ ಎರಡೂ ವಾಪಸ್ ಇಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯೋದು. ಈ ಇಳಿಯೋ ಪೈಪ್ ಮಡಚಿಕೊಂಡ್ರೆ ಆಯಿಲ್‌ಗೆ ಹೋಗೋಕೆ ದಾರಿ ಇಲ್ಲ. ಪಂಪ್ ಒಳಗೇ ತುಂಬ್ಕೊಂಡು ಎಳೆತ ಕಮ್ಮಿ ಆಗುತ್ತೆ, ಬ್ರೇಕ್ ಗಟ್ಟಿ. ಆಮೇಲೆ ಶಾಫ್ಟ್ ಸೀಲ್ ದಾಟಿ ಡೈನಮೋ ಒಳಗೆ ಬರುತ್ತೆ. ಕಾರ್ಬನ್ ಬ್ರಷ್ ಪುಡಿಗೆ ಆಯಿಲ್ ಸೇರಿ ಕಾಡಿಗೆ ಥರ ಮೆತ್ತಿಕೊಂಡ್ರೆ ಬ್ರಷ್ ಉಜ್ಜೋ ಸ್ಲಿಪ್ ರಿಂಗಿಗೆ ಕರೆಂಟ್ ಸರಿಯಾಗಿ ಮುಟ್ಟಲ್ಲ. ಕಟೌಟ್ ಬದಲಾಯಿಸಿದಾಗ ಹೊಸ ಬ್ರಷ್ಷೂ ಬಂದಿರುತ್ತೆ, ಹಾಗಾಗಿ ಎರಡು ದಿನ ಸರಿ ಇತ್ತು. ಈ ಪೈಪ್ ಸರಿಮಾಡ್ದೆ 90 ಅಲ್ಲ, 200 ಹಾಕಿದ್ರೂ ಮೂರು ತಿಂಗಳೇ.

ಬ್ರೇಕ್ ನೋಡೋದು ಹೀಗೆ: ಇಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿ ಆಗೋವರೆಗೆ ನಾಲ್ಕೈದು ಸಲ ಒತ್ತಿ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗೇ ಸ್ವಲ್ಪ ಕೆಳಗೆ ಹೋಗ್ಬೇಕು.

ವೈರಿಂಗ್_ಅಕ್ಕ
ಛೆ, ನಾನು ಮೀಟರ್ ನೋಡ್ತಾ ಕೂತೆ. ಡೈನಮೋ ಕೆಳಗೆ ಒದ್ದೆ ಇದೆಯಾ ಅಂತ ಕೇಳ್ಲೇ ಇಲ್ಲ.

ತೀರ್ಥಳ್ಳಿ_ಪಿಕಪ್
ಪೆಡಲ್ ಅಲ್ಲಾಡಲಿಲ್ಲ. ಉಡುಪಿ ಬಾಡಿಗೆ ಬಿಟ್ಟೆ.

ಹೂಸ್ಟನ್_ಗೌಡ
ಫೋಟೋ ಹಾಕಿದೀನಿ ನೋಡಿ, ಬ್ರಾಕೆಟ್ ಎಡಗಡೆ ಇದೆ.

ತೀರ್ಥಳ್ಳಿ_ಪಿಕಪ್
ಹತ್ತೊಂಬತ್ತು ದಿನ ಆಯ್ತು, ಈಗ ಬರೀತಿದೀನಿ. ಬಿಚ್ಚಿ ನೋಡಿದ್ರೆ ಯಜಮಾನ್ರು ಹೇಳಿದ್ದೇ. ಮೊದಲನೇ ಡೈನಮೋ ಬದಲಾಯಿಸುವಾಗ ಹಳೇ ಪೈಪ್ ಬಿರುಕು ಬಿಟ್ಟಿತ್ತು ಅಂತ ಅಂಗಡಿಯಲ್ಲಿ ಸಾದಾ ನೀರಿನ ಪೈಪ್ ತುಂಡು ಹಾಕಿದ್ರು. ಅದು ಬಿಸಿ ಆಯಿಲ್‌ಗೆ ಮೆತ್ತಗಾಗಿ, ಬೆಂಡಲ್ಲಿ ಚಪ್ಪಟೆ ಆಗಿತ್ತು, ಬಾಯಿಂದ ಊದಿದ್ರೂ ಗಾಳಿ ಹೋಗ್ತಿರ್ಲಿಲ್ಲ. ಡೈನಮೋ ಒಳಗೆ ಕಪ್ಪು ಗಂಜಿ. ಆಯಿಲ್ ತಡೆಯೋ ನೈಟ್ರೈಲ್ ಹೋಸ್ ಹಾಕಿಸಿದೆ. ಇದ್ದ ಡೈನಮೋವನ್ನೇ ತೊಳೆಸಿ ಒಣಗಿಸಿ, ಬ್ರಷ್ಷು ಬೇರಿಂಗು ಸೀಲು ಹೊಸದು. ಹೊಸ ಡೈನಮೋದ ಕಾಲುಭಾಗ ದುಡ್ಡೂ ಆಗ್ಲಿಲ್ಲ. ಕೂರಿಸೋ ಮುಂಚೆ ಪಂಪ್ ಬಾಯಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿದ್ವಿ. ಈಗ 14.1, ಲೈಟ್ ಎಲ್ಲ ಹಾಕಿದ್ರೆ 13.6. ಬ್ರೇಕು ಬೆಣ್ಣೆ.

ಹಳೇ_ಸ್ಪ್ಯಾನರ್
ಒಳ್ಳೇದಾಯ್ತು. ಮುಂದೆ ಯಾವತ್ತಾದ್ರೂ ಹೊಸದು ತಗೊಂಡ್ರೆ ಹಳೇದನ್ನ ಪಕ್ಕದಲ್ಲಿಟ್ಟು ನೋಡಿ. ಪಂಪ್ ಜತೆಗಿದೆಯಾ, ಪುಲ್ಲಿಯಲ್ಲಿ ಬೆಲ್ಟ್ ಕೂರೋ ತೋಡು ಅದೇನಾ, ಬೋಲ್ಟ್ ಹಾಕೋ ಕಿವಿಯ ಅಗಲ ಒಂದೇನಾ, ಪ್ಲಗ್ ಕೂರುತ್ತಾ. ಆಂಪಿಯರ್ ಕೊನೆಗೆ. ಬೂಸ್ಟರ್ ಪೈಪಿನ ಒನ್‌ವೇ ವಾಲ್ವೂ ಒಮ್ಮೆ ಊದಿ ನೋಡ್ಕೊಳ್ಳಿ.

ಜೆಸಿರೋಡ್_ಸ್ಪೇರ್ಸ್
ಪಂಪ್ ಸಮೇತ 65 ಆಂಪಿಯರ್‌ದು ನನ್ನ ಹತ್ರ ಸ್ಟಾಕ್ ಇದೆ, ಬೇಕಂದ್ರೆ ಹೇಳಿ ಬಾಸ್.

ಹುಬ್ಳಿ_ಡೀಸೆಲ್
ಆ ಆಯಿಲ್ ಬೆಲ್ಟ್ ಮ್ಯಾಲೂ ಬಿದ್ದಿತ್ತಿಲ್ಲೋ?

ತೀರ್ಥಳ್ಳಿ_ಪಿಕಪ್
ಸ್ವಲ್ಪ ಬಿದ್ದಿತ್ತು ಸಾರ್. ಬೆಲ್ಟೂ ಬದಲಾಯಿಸಿದೆ.

ಹುಬ್ಳಿ_ಡೀಸೆಲ್
ಮತ್ತ! ನಾ ಮೊದ್ಲನೇ ದಿನಾನ ಹೇಳಿದ್ದೆ.