ಸಹಾಯ ಬೇಕು: ಮಗಳ ನಿಕಾಹ್ ಮತ್ತು ಕರಿಮಣಿ ಲಚ್ಛಾ

ಎಲ್ಲರಿಗೂ ಸಲಾಂ, ನಮಸ್ಕಾರ.

ನಮ್ಮದು ಕಲಬುರಗಿ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಈಗ ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಮಗಳ ನಿಕಾಹ್‌ಗೆ ಎರಡು ತಿಂಗಳು ಉಳಿದಿದೆ.

ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು ಕರಿಮಣಿಯ ಲಚ್ಛಾ (ಹಲವು ಎಳೆಗಳ ಸರ) ಹಾಕುವುದು ನಿಮಗೆಲ್ಲ ಗೊತ್ತು. ನನ್ನ ಅತ್ತೆಯವರದ್ದನ್ನೇ ಮಗಳಿಗೆಂದು ಇಟ್ಟಿದ್ದೆ. ಅವಳು ಬೇಡ ಎನ್ನುತ್ತಾಳೆ. ಮಸೀದಿಯ ಗೆಳತಿಯರು (ಸೊಮಾಲಿ, ಅರಬ್, ಒಬ್ಬಳು ಲಾಹೋರಿನವಳು) ಅದು ಹಿಂದೂಗಳ ತಾಳಿ ಎಂದಿದ್ದಾರಂತೆ. ಮೆಹಂದಿ ಮಾತ್ರ ಅವಳಿಗೆ ಬೇಕು! ಅದೇಕೆ ಸರಿ, ಇದೇಕೆ ತಪ್ಪು ಎಂದರೆ ಉತ್ತರವಿಲ್ಲ.

ನಿಕಾಹ್‌ಗೆ ಬೇಕಾದದ್ದು ಒಪ್ಪಿಗೆ, ಸಾಕ್ಷಿಗಳು, ಮಹರ್ (ವರ ವಧುವಿಗೆ ಕೊಡುವ ಹಣ ಅಥವಾ ಒಡವೆ). ಲಚ್ಛಾ ಇಲ್ಲದಿದ್ದರೆ ನಿಕಾಹ್ ಆಗದು ಎಂದು ನಮ್ಮಲ್ಲಿ ಯಾರೂ ನಂಬಿಲ್ಲ. ಅದು ಒಡವೆ, ಅಷ್ಟೇ. ಶರೀಅತ್ತಿಗೆ ವಿರುದ್ಧವಲ್ಲದ ಊರ ರೂಢಿಗೆ, ‘ಉರ್ಫ್’ಗೆ, ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಖ್‌ಹ್‌ನಲ್ಲಿ ಜಾಗವಿದೆ ಎಂದು ಓದಿದ್ದೇನೆ. ಆದರೆ ನಾನು ಹೇಳಿದರೆ ಅವಳಿಗೆ ಅದು ಅಮ್ಮನ ಹಟ. ನಿಜ ಹೇಳಬೇಕೆಂದರೆ ಸ್ವಲ್ಪ ಹಟವೂ ಇದೆ.

ಇಂಗ್ಲಿಷಿನಲ್ಲಿ ತಾಳ್ಮೆಯಿಂದ ವಿವರಿಸಬಲ್ಲ, ದಕ್ಷಿಣ ಭಾರತದ ರೂಢಿಗಳು ಗೊತ್ತಿರುವ ಆಲಿಮ್ ಅಥವಾ ಆಲಿಮಾ (ಧರ್ಮ ವಿದ್ವಾಂಸರು) ಟೊರೊಂಟೊ ಸುತ್ತಮುತ್ತ ಇದ್ದಾರೆಯೇ? ಮಗಳ ಜೊತೆ ಒಮ್ಮೆ ಕುಳಿತು ಮಾತನಾಡಿದರೆ ಸಾಕು, ತೀರ್ಮಾನ ಅವಳದ್ದೇ. ಇಂಗ್ಲೆಂಡ್, ಅಮೆರಿಕ, ಕೊಲ್ಲಿಯಲ್ಲಿರುವ ಅಕ್ಕಂದಿರೇ, ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಇನ್ನೊಂದು: ಲಚ್ಛಾದ ದಾರ ಹಳೆಯದಾಗಿ ಎರಡು ಎಳೆ ಕಿತ್ತಿವೆ. ಟೊರೊಂಟೊದ ಜೆರಾರ್ಡ್ ಸ್ಟ್ರೀಟ್ ಕಡೆ ಕರಿಮಣಿ ಪೋಣಿಸಿಕೊಡುವವರು ಇದ್ದರೆ ತಿಳಿಸಿ. ಅವಳು ಹಾಕಲಿ ಬಿಡಲಿ, ರಿಪೇರಿಯಂತೂ ಮಾಡಿಸಬೇಕು.