ಮಾರೆಕ್ಸ್ ಲಸಿಕೆ ಹಾಕಿದ್ರೂ ಕೋಳಿ ಲಿವರ್‌ನಾಗ ಗಂಟು, ಯಾಕ್ರಿ?

ದೌಂಡ್ ಲೇಯರ್: ನಮಸ್ಕಾರ್ರಿ, ನಾನು ವಿಜಯಪುರದಾಂವ, ಈಗ ಪುಣೆ ಹತ್ರ ದೌಂಡದಾಗ ಲೇಯರ್ ಶೆಡ್ ನೋಡ್ಕೋತೀನಿ. 24 ವಾರದ ಕೋಳಿ ಒಂದೊಂದಾಗಿ ಸೊರಗಿ ಸಾಯಾಕತ್ತಾವು, ಜುಟ್ಟು ಬೆಳ್ಳಗ, ಎದಿ ಎಲುಬು ಕೈಗೆ ಚುಚ್ಚತದ. ಕೊಯ್ದು ನೋಡಿದ್ರ ಲಿವರ್ ಹೊಟ್ಟಿ ತುಂಬ ಆಗೇದ, ಮ್ಯಾಲೆಲ್ಲ ಬೂದು ಗಂಟು, ಗುದದ ಹತ್ರ ಇರೋ ಬರ್ಸಾ ಅನ್ನೋ ಚೀಲದಾಗೂ ಗಂಟು. ಡಾಕ್ಟ್ರು ಲ್ಯೂಕೋಸಿಸ್ ಅನ್ನೋ ಕೋಳಿ ಕ್ಯಾನ್ಸರ್ ಇರಬೇಕು, ಅದನ್ನ ತರೋದು ರೆಟ್ರೋವೈರಸ್ ಅಂದ್ರು. ಮೊದಲ್ನೇ ದಿನಾನ ಮಾರೆಕ್ಸ್ ಲಸಿಕಿ ಹಾಕೇತಿ, ಮತ್ತ ಇದು ಹ್ಯಾಂಗ ಬಂತು? ವೈರಸ್ ಕೋಳಿ ಜೀನ್‌ನಾಗ ಹೋಗಿ ಕೂಡ್ತದ ಅಂತಾರಲ್ಲ, ಹಂಗಂದ್ರೇನು?

ಹಡಪ್ಸರ್ ವೆಟ್: ಸರ್, ಮಾರೆಕ್ಸ್ ಅನ್ನೋ ಗಂಟು ರೋಗ ತರೋದು ಹರ್ಪಿಸ್ ಜಾತಿ ವೈರಸ್ಸು, ಆ ಲಸಿಕೆ ಇದನ್ನ ತಡೆಯಲ್ಲ, ಲ್ಯೂಕೋಸಿಸ್‌ಗೆ ಬಳಕೆಯಲ್ಲಿರೋ ಲಸಿಕೆನೇ ಇಲ್ಲ. ಬರ್ಸಾದಲ್ಲಿ ಗಂಟು ಅಂದ್ರಲ್ಲ ಅದು ದೊಡ್ಡ ಸುಳಿವು, ಮಾರೆಕ್ಸ್ ಆಗಿದ್ರೆ ನರ ದಪ್ಪ ಆಗಿ ಕಾಲು ಎಳೆಯೋದು ಜಾಸ್ತಿ ಕಾಣ್ತಿತ್ತು. ಲ್ಯೂಕೋಸಿಸ್ ವೈರಸ್ಸಿನದು ಆರ್‌ಎನ್‌ಎ, ಗ್ಯಾಗ್, ಪೋಲ್, ಎನ್ವ್ ಅಂತ ಮೂರು ಮುಖ್ಯ ಜೀನು ಅಷ್ಟೇ, ಕ್ಯಾನ್ಸರ್ ಮಾಡೋ ಜೀನು ಅದ್ರಲ್ಲಿಲ್ಲ. ಕೋಶದೊಳಗೆ ಹೋಗಿ ಡಿಎನ್‌ಎ ಕಾಪಿ ಮಾಡ್ಕೊಂಡು ಕೋಳಿ ಕ್ರೋಮೋಸೋಮ್‌ಗೇ ಸೇರ್ಕೊಳ್ಳುತ್ತೆ, ಆ ಕಾಪಿ ಎರಡೂ ತುದೀಲಿ ಎಲ್‌ಟಿಆರ್ ಅಂತಿರುತ್ತೆ, ಅದು ಪಕ್ಕದ ಜೀನನ್ನ ಸದಾ ಆನ್ ಮಾಡಿಡೋ ಸ್ವಿಚ್ ಇದ್ದಂಗೆ. ಬರ್ಸಾದ ಯಾವ್ದೋ ಒಂದು ಕೋಶದಲ್ಲಿ ಕೋಶದ ಬೆಳವಣಿಗೆ ನಡೆಸೋ ಮಿಕ್ ಅನ್ನೋ ಜೀನಿನ ಹತ್ರ ಕೂತ್ರೆ ಆ ಕೋಶ ಹದ್ದು ಮೀರಿ ಬೆಳೆಯೋಕೆ ಶುರು, 1981ರಲ್ಲಿ ಗೊತ್ತಾಗಿದ್ದು ಇದು. ಹಂಗೆ ಕೂರೋದು ಅಪರೂಪ, ಅದಕ್ಕೇ ರೋಗ ಸಾಮಾನ್ಯವಾಗಿ ನಾಲ್ಕು ತಿಂಗಳ ಮೇಲೇನೇ ಕಾಣೋದು. 1911ರಲ್ಲಿ ಪೇಟನ್ ರೌಸ್ ಕಂಡುಹಿಡಿದ ಸಾರ್ಕೋಮಾ ವೈರಸ್ಸು ಬೇರೆ ತರ, ಅದು ಸಾರ್ಕ್ ಅನ್ನೋ ಕ್ಯಾನ್ಸರ್ ಜೀನನ್ನ ತಾನೇ ಹೊತ್ಕೊಂಡು ಬರುತ್ತೆ, ದಿನಗಳಲ್ಲೇ ಗಡ್ಡೆ.

ದೌಂಡ್ ಲೇಯರ್: ಹಂಗಾದ್ರ ಪಕ್ಕದ ಶೆಡ್ಡಿಂದ ಬಂದದ್ದೇನ್ರಿ? ನಮ್ಮ ಮಾಲಕ್ರು ಅವರ ಮ್ಯಾಲೆ ಸಿಟ್ಟಾಗ್ಯಾರ.

ಕೊತ್ರೂಡ್ ಬಯೋಟೆಕ್: ಅಣ್ಣಾ, ಪಕ್ಕದವರ ಜೊತೆ ಜಗಳಕ್ಕೆ ಹೋಗ್ಬೇಡಿ. ಇದು ಮುಖ್ಯವಾಗಿ ತಾಯಿ ಕೋಳಿಯಿಂದ ಮೊಟ್ಟೆ ಮೂಲಕ ಬರೋದು, ಆಮೇಲೆ ಹ್ಯಾಚರಿಯಲ್ಲಿ ಮರಿಯಿಂದ ಮರಿಗೆ. ಮೊಟ್ಟೆಯಲ್ಲೇ ತಗಲಿದ ಮರಿಗೆ ವೈರಸ್ಸು ತನ್ನದೇ ಅನ್ಸುತ್ತೆ, ಆ್ಯಂಟಿಬಾಡಿ ಮಾಡಲ್ಲ, ಸುಮ್ನೆ ಹರಡ್ತಾ ಇರುತ್ತೆ, ಹಾಗಾಗಿ ಆ್ಯಂಟಿಬಾಡಿ ಟೆಸ್ಟ್ ನೆಗೆಟಿವ್ ಬಂತು ಅಂತ ನಂಬಬೇಡಿ. ವೈರಸ್ಸಿನ ಪಿ27 ಅನ್ನೋ ಪ್ರೋಟೀನ್ ಹುಡುಕೋ ಎಲೈಸಾ ಟೆಸ್ಟ್ ಮಾಡಿಸ್ತಾರೆ, ಅದರಲ್ಲೂ ಒಂದು ತೊಡಕಿದೆ: ಬಹಳ ಕೋಳಿಗಳ ಜೀನಲ್ಲಿ ತಲೆತಲಾಂತರದಿಂದ ಬಂದ ಹಳೇ ವೈರಸ್ ತುಣುಕುಗಳಿವೆ, ಇದೇ ವೈರಸ್ಸಿನ ‘ಇ’ ಗುಂಪಿನವು, ಅವೇ ರೋಗ ತರಲ್ಲ ಆದ್ರೆ ಪಿ27 ಮಾಡಬಲ್ಲವು. ನಿಧಾನಕ್ಕೆ ಪುಕ್ಕ ಬರೋ ತಳಿಗಳಲ್ಲಿ ಇವಿ21 ಅಂತ ಅಂಥ ಒಂದು ತುಣುಕಿದೆ, ಪುಕ್ಕ ನಿಧಾನ ಮಾಡೋ ಜೀನಿನ ಪಕ್ಕದಲ್ಲೇ. ಅದಕ್ಕೆ ಲಿವರ್ ಮತ್ತೆ ಬರ್ಸಾ ತುಂಡು ಐಸ್‌ನಲ್ಲಿಟ್ಟು ಲ್ಯಾಬ್‌ಗೆ ಕಳ್ಸಿ, ಪಿಸಿಆರ್‌ನಲ್ಲಿ ಎ, ಬಿ, ಜೆ ಯಾವ ಗುಂಪು ಅಂತ ಕೇಳಿ, ಆರ್‌ಇವಿ ಅನ್ನೋ ಇನ್ನೊಂದು ರೆಟ್ರೋವೈರಸ್ಸೂ ಬರ್ಸಾದಲ್ಲಿ ಇಂಥದ್ದೇ ಗಂಟು ಮಾಡುತ್ತೆ, ಅದನ್ನೂ ನೋಡೋಕೆ ಹೇಳಿ. ರಿಪೋರ್ಟ್ ಬಂದ್ಮೇಲೆ ಹ್ಯಾಚರಿಯವರನ್ನ ಕೇಳ್ಬೇಕಾದ್ದು ಒಂದೇ, ಬ್ರೀಡರ್ ಕೋಳಿಗಳಿಗೆ ಲ್ಯೂಕೋಸಿಸ್ ಟೆಸ್ಟ್ ಆಗಿದೆಯಾ, ಪಾಸಿಟಿವ್ ಬಂದವನ್ನ ತೆಗೆದಿದ್ದಾರಾ ಅಂತ. ಈ ಬ್ಯಾಚಿಗೆ ಔಷಧಿ ಇಲ್ಲ ಅಣ್ಣಾ, ಸೊರಗಿದವನ್ನ ಬೇರೆ ಮಾಡ್ತಾ ಹೋಗಿ, ಮುಂದಿನ ಬ್ಯಾಚ್ ಮರಿ ಎಲ್ಲಿಂದ ತರ್ತೀರಿ ಅನ್ನೋದೇ ಮುಖ್ಯ.