ಬಟವಾಡೆ ದಿನ ಸೊಂಟದಲ್ಲಿಟ್ಟುಕೊಳ್ಳೋಕೆ .32 ರಿವಾಲ್ವರೋ, ಪಿಸ್ತೂಲೋ?

ಪೊನ್ನಂಪೇಟೆ_ಪ್ಲಾಂಟರ್:
ಹ್ಯಾಂಡ್‌ಗನ್ ಲೈಸೆನ್ಸ್ ಆಗಿದೆ, ಎನ್‌ಪಿಬಿ (ನಿಷೇಧವಿಲ್ಲದ ಬೋರ್). ದಿನಾ ಜೊತೆಗಿರಬೇಕು, ಹೊರಗೆ ಕಾಣಬಾರದು. ಓಡಾಟ ಸ್ಕೂಟರ್, ಜೀಪು ಎರಡರಲ್ಲೂ. ಬಟವಾಡೆ ದಿನ ಬ್ಯಾಂಕಿನಿಂದ ಹಣ ತರೋದಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈನ್‌ಕೋಟು ಮೈಮೇಲೇ. ಕಾನ್ಪುರದ ಹಳೇ ಬ್ರೇಕ್-ಟಾಪ್ (ನಡುವೆ ಬಗ್ಗಿಸಿ ತೆರೆಯೋ) ರಿವಾಲ್ವರ್, ಪ್ರಬಲ್ ರಿವಾಲ್ವರ್, ಅಶನಿ ಪಿಸ್ತೂಲು, ಈ ಮೂರರಲ್ಲಿ ಯಾವುದು? ಹಂದಿ, ಆನೆ ಕಾಟಕ್ಕೂ ಆದೀತಾ?

ಕಕ್ಕಡಮಳೆ:
ಆನೆ, ಹಂದಿ ಲೆಕ್ಕ ಮೊದಲು ಬಿಡಿ ಸರ್. .32 ರಿವಾಲ್ವರಿನ ಗುಂಡು 98 ಗ್ರೇನ್, ಅಂದ್ರೆ 6.3 ಗ್ರಾಂ. ವೇಗ ಸೆಕೆಂಡಿಗೆ 210 ಮೀಟರ್ ಆಸುಪಾಸು. ಆನೆಗೆ ತಾಗಿದ್ರೆ ಅದಕ್ಕೆ ಸಿಟ್ಟು, ನಿಮಗೆ 1972ರ ವನ್ಯಜೀವಿ ಕಾಯ್ದೆ ಕೇಸು.

ಮನುಷ್ಯರ ವಿಷಯಕ್ಕಾದ್ರೆ ನನ್ನ ಓಟು ಪ್ರಬಲ್‌ಗೆ. 2023ರಲ್ಲಿ ಬಂದಿದ್ದು, ಬ್ಯಾರಲ್ 76 ಮಿ.ಮೀ., ತೂಕ ಸುಮಾರು 700 ಗ್ರಾಂ, ತೋಟೆ ತುಂಬೋ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತೆ. ಬ್ರೇಕ್-ಟಾಪ್‌ನಲ್ಲಿ ಇಡೀ ಬ್ಯಾರಲ್ ನಿಂತಿರೋದು ಒಂದು ಕೀಲು, ಒಂದು ಚಿಲಕದ ಮೇಲೆ. ಅವು ಸವೆದ್ರೆ ಬ್ಯಾರಲ್ ಅಲ್ಲಾಡುತ್ತೆ, ಗುರಿ ಹಾಳು. ಇನ್ನೊಂದು ತೊಂದರೆ, ನಿಧಾನ ತೆರೆದ್ರೆ ಖಾಲಿ ತೋಟೆಯ ಅಂಚು, ಅದನ್ನ ಹೊರಗೆ ತಳ್ಳೋ ಎಕ್ಸ್‌ಟ್ರಾಕ್ಟರ್ ಅಡಿಗೆ ಜಾರಿ ಕಚ್ಚಿಕೊಳ್ಳುತ್ತೆ. ಆಮೇಲೆ ಉಗುರಲ್ಲಿ ಕೀಳ್ತಾ ಕೂರಬೇಕು.

ಸೆಕೆಂಡ್ ಹ್ಯಾಂಡ್ ಆದ್ರೆ ಖಾಲಿ ಮಾಡಿ, ಆರೂ ಗೂಡು ಕಣ್ಣಲ್ಲಿ ನೋಡಿ, ಮತ್ತೊಮ್ಮೆ ಬೆರಳು ಹಾಕಿ ನೋಡಿ. ಆಮೇಲೆ ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಅಳೀರಿ. ಸ್ಕೂಟರ್ ಮೆಕ್ಯಾನಿಕ್ ವಾಲ್ವ್ ಅಳೆಯೋ ಫೀಲರ್ ಗೇಜೇ ಸಾಕು. 0.15ರಿಂದ 0.25 ಮಿ.ಮೀ. ಇದ್ರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ರೆ ಪಕ್ಕಕ್ಕೆ ಬೆಂಕಿ, ಸೀಸದ ಚೂರು ಸಿಡಿಯುತ್ತೆ. ಕಮ್ಮಿ ಇದ್ರೆ ಹತ್ತು ಗುಂಡಿಗೇ ಮಸಿ ಕಟ್ಟಿ ಸಿಲಿಂಡರ್ ತಿರುಗೋದು ಬಿಗಿಯಾಗುತ್ತೆ.

ನಳಿಗೆ7.65:
ಪಿಸ್ತೂಲನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಬಚ್ಚಿಡೋಕೆ ಮುಖ್ಯ ದಪ್ಪ, ಉದ್ದ ಅಲ್ಲ. ರಿವಾಲ್ವರಿನ ಸಿಲಿಂಡರ್ ಅಂಗಿಯನ್ನ ಉಬ್ಬಿಸುತ್ತೆ. ಪಿಸ್ತೂಲು ಚಪ್ಪಟೆ, ಸೊಂಟಕ್ಕೆ ಅಂಟಿಕೊಳ್ಳುತ್ತೆ.

ಆದ್ರೆ ಪಿಸ್ತೂಲಿನ .32 ಎಸಿಪಿ ತೋಟೆಗೆ ಬುಡದಲ್ಲಿ ಸಣ್ಣ ಅಂಚಿದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಸಿಕ್ಕಿಕೊಂಡ್ರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ, ಸ್ಲೈಡ್ ಎಷ್ಟು ಎಳೆದ್ರೂ ಬಿಡೋದಿಲ್ಲ, ಮ್ಯಾಗಜೀನ್ ತೆಗೆದು ಬಿಚ್ಚಲೇಬೇಕು. ಗಿಡ್ಡ ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿ ಇರೋ) ತೋಟೆಯಲ್ಲಿ ಇದು ಹೆಚ್ಚು, ಮುಂದೆ ಜಾಗ ಉಳಿಯೋದರಿಂದ ತೋಟೆಗಳು ಹಿಂದೆಮುಂದೆ ಸರಿಯುತ್ತವೆ. ಉರುಟು ಮೂತಿಯ ಫುಲ್ ಜಾಕೆಟ್ (ಸೀಸದ ಮೇಲೆ ಲೋಹದ ಹೊದಿಕೆ ಇರೋ) ತೋಟೆಯೇ ಹಾಕಿ.

ಅಶನಿ ಸಿಂಗಲ್ ಆಕ್ಷನ್, ಅಂದ್ರೆ ಮೊದಲು ಸಜ್ಜು ಮಾಡಿದ್ರೆ ಮಾತ್ರ ಟ್ರಿಗರ್ ಕೆಲಸ ಮಾಡುತ್ತೆ. ಚೇಂಬರ್ (ಬ್ಯಾರಲ್ ಹಿಂದೆ ತೋಟೆ ಕೂರೋ ಗೂಡು) ಖಾಲಿ ಇಟ್ಟೇ ಒಯ್ಯಿರಿ. ಬೇಕಾದಾಗ ಸ್ಲೈಡ್ ಎಳೆಯೋಕೆ ಎರಡು ಕೈ ಬೇಕು, ಇನ್ನೊಂದು ಕೈಯಲ್ಲಿ ಹಣದ ಚೀಲ ಇರೋರು ಇದನ್ನ ಯೋಚಿಸಬೇಕು. ಆ ಕಾರಣಕ್ಕೆ ನಿಮಗೆ ನಾನೂ ರಿವಾಲ್ವರೇ ಹೇಳೋದು.

ಬಾಣೆಕಾಡು:
ಗನ್ನಿನಷ್ಟೇ ಹೋಲ್‌ಸ್ಟರ್ ಮುಖ್ಯ, ಅದನ್ನ ಯಾರೂ ಕೇಳೋದೇ ಇಲ್ಲ! ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು, ಗನ್ ತೆಗೆದ ಮೇಲೂ ಬಾಯಿ ತೆರೆದೇ ನಿಲ್ಲಬೇಕು. ಬೆಲ್ಟ್ 38 ಮಿ.ಮೀ. ಅಗಲ, ಗಟ್ಟಿ. ಹೊಟ್ಟೆಯ ಮುಂದೆ ಸಿಕ್ಕಿಸಬೇಡಿ, ಸ್ಕೂಟರಲ್ಲಿ ಕೂತಾಗ ನಳಿಗೆ ತೊಡೆ ಕಡೆಗೇ ನೋಡುತ್ತೆ. ಬಲಗೈಯವರಾದ್ರೆ ಬಲ ಸೊಂಟದ ಹಿಂಬದಿ.

ರೈನ್‌ಕೋಟಿನ ಕೆಳಗಿನ ದಾರ, ಅದರ ಪ್ಲಾಸ್ಟಿಕ್ ಗುಂಡಿ ಕತ್ತರಿಸಿ ಬಿಸಾಕಿ. ಗನ್ ವಾಪಸ್ ಇಡುವಾಗ ಆ ಗುಂಡಿ ಟ್ರಿಗರ್ ಗಾರ್ಡ್ ಒಳಗೆ ಸೇರಿದ್ರೆ, ಒತ್ತಿದ ಕೂಡ್ಲೇ ಗುಂಡು ಹಾರುತ್ತೆ. ಯಾವಾಗಲೂ ನೋಡಿಕೊಂಡು, ನಿಧಾನ ಇಡಿ.

ಮಳೆಗಾಲಕ್ಕೆ ಚರ್ಮದ ಹೋಲ್‌ಸ್ಟರ್ ಬೇಡ, ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ತಗೊಳ್ಳಿ. ಚರ್ಮ ನೀರು ಹಿಡಿದಿಟ್ಟುಕೊಂಡು ತಾಗಿದ ಕಡೆಯೆಲ್ಲ ತುಕ್ಕಿನ ಚುಕ್ಕೆ ಹುಟ್ಟಿಸುತ್ತೆ, ಹಿತ್ತಾಳೆ ತೋಟೆಗೆ ಹಸಿರು ಕಿಲುಬು ಬರಿಸುತ್ತೆ. ರಾತ್ರಿ ಖಾಲಿ ಮಾಡಿ, ಒರೆಸಿ, ತೆಳುವಾಗಿ ಗನ್ ಆಯಿಲ್ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಬೀಗದ ಪೆಟ್ಟಿಗೆಯಲ್ಲಿಡಿ, ಹೋಲ್‌ಸ್ಟರಲ್ಲಿ ಬೇಡ. ಎಣ್ಣೆ ತೋಟೆಗೆ ತಾಗಬಾರದು, ಬುಡದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್ ಒಳಗೆ ಇಳಿದ್ರೆ ಗುಂಡು ಹಾರದೇ ಹೋಗಬಹುದು.

ಪೊನ್ನಂಪೇಟೆ_ಪ್ಲಾಂಟರ್:
ಧನ್ಯವಾದ. ಕೊಡಗಿನ ಜಮ್ಮಾ ವಿನಾಯ್ತಿ (ಕೊಡವರಿಗೂ ಜಮ್ಮಾ ಜಮೀನಿನವರಿಗೂ ಆಯುಧ ಲೈಸೆನ್ಸಿನಿಂದ ಬಿಡುಗಡೆ) ಇರೋರಿಗೆ ಹೊರಗೆ ಒಯ್ಯೋಕೆ ತೊಂದರೆ ಇಲ್ಲ ಅಂತಾರಲ್ಲ?

ಕಕ್ಕಡಮಳೆ:
ಹ್ಯಾಂಡ್‌ಗನ್‌ಗೆ ಆ ಮಾತು ನಂಬಬೇಡಿ. ವಿನಾಯ್ತಿ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದಿದೆ, ನಿಜ. ಆದ್ರೆ ಜಿಲ್ಲೆ ದಾಟಿದಾಗ ಅದು ಹೇಳೋದು ಒಂದು ರೈಫಲ್, ಒಂದು ನಯನಳಿಗೆ (ಒಳಗೆ ಗೆರೆಯಿಲ್ಲದ ನಳಿಗೆಯ) ಕೋವಿ ಅಷ್ಟೇ. ಪೆರುಂಬಾಡಿ ಗೇಟ್ ದಾಟಿ ಕೇರಳಕ್ಕೆ ಹೋಗೋ ಮುಂಚೆ ಲೈಸೆನ್ಸಿನಲ್ಲಿ ಯಾವ ವ್ಯಾಪ್ತಿ ಬರೆದಿದೆ ನೋಡಿ.

ಇನ್ನು ಮುಚ್ಚಿ ಒಯ್ಯೋದು ಇಲ್ಲಿ ಇಷ್ಟದ ಮಾತಲ್ಲ, ನಿಯಮ. 2016ರ ಆಯುಧ ನಿಯಮ 32ರ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹ್ಯಾಂಡ್‌ಗನ್ ಹೋಲ್‌ಸ್ಟರಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಜೀಪಿನ ಡ್ಯಾಶ್‌ಬೋರ್ಡಲ್ಲಿಟ್ಟು ಟೀ ಕುಡಿಯೋಕೆ ಇಳಿಯೋ ಹಾಗಿಲ್ಲ. ಮದುವೆ ಮನೆಯಲ್ಲಿ ಖುಷಿಗೆ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದ್ರೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಅಂದಹಾಗೆ ಮನೆಯಲ್ಲಿ ಈಗಾಗ್ಲೇ ಲೈಸೆನ್ಸಿನ ಎರಡು ಕೋವಿ ನಿಮ್ಮ ಹೆಸರಲ್ಲಿದ್ರೆ ಮೂರನೆಯದು ಆಗಲ್ಲ. ಅದನ್ನ ದುಡ್ಡು ಕಟ್ಟೋ ಮೊದಲೇ ನೋಡಿಕೊಳ್ಳಿ.